ಹಳೆಯ ಲಾರಿಗಳ ಜೀರ್ಣೋದ್ಧಾರ

ಹಳೆಯ ಕಾರನ್ನು ಕಂಡರೆ ಜನ ನಿಂತು ನೋಡುತ್ತಾರೆ. ಹಳೆಯ ಲಾರಿಯನ್ನು ಕಂಡರೆ ತೂಕವೆಷ್ಟೆಂದು ಕೇಳುತ್ತಾರೆ. ಕಾರಿಗೆ ಮೆರವಣಿಗೆಯುಂಟು, ಬಹುಮಾನವುಂಟು, ಮೆದುಬಟ್ಟೆಯಿಂದ ಮೈಯೊರಸುವವರುಂಟು. ಧರ್ಮಸ್ಥಳದಲ್ಲಿಯೂ ಶ್ರೀರಂಗಪಟ್ಟಣದ ಬಳಿಯ ‘ಪಯಣ’ ವಸ್ತುಸಂಗ್ರಹಾಲಯದಲ್ಲಿಯೂ ಸಾಲಾಗಿ ನಿಂತ ಹಳೆಯ ಕಾರುಗಳನ್ನು ನೋಡಿ ನೀವು ಸಂತೋಷಪಟ್ಟಿರಬಹುದು, ನಾನೂ ಪಟ್ಟಿದ್ದೇನೆ. ಆದರೆ ವಾಚಕರೆ, ನಮ್ಮ ನಂದಗುಡಿ ಹೋಬಳಿಯ ರಾಗಿಯನ್ನೂ ಆಲೂಗೆಡ್ಡೆಯನ್ನೂ ನೀಲಗಿರಿ ದಿಮ್ಮಿಯನ್ನೂ ಹೊತ್ತದ್ದು ಆ ಕಾರುಗಳಲ್ಲ. ಹೊತ್ತವುಗಳಲ್ಲಿ ಬಹುಪಾಲು ಈಗ ಕರಗಿ ಕಂಬಿಯಾಗಿ ಯಾರದೋ ಮನೆಯ ತಾರಸಿಯೊಳಗೆ ಸೇರಿಹೋಗಿವೆ.

ನಮ್ಮ ಹೊಸಕೋಟೆ ತಾಲ್ಲೂಕಿನಲ್ಲಿ ವೋಲ್ವೋ ಲಾರಿಗಳ ಕಾರ್ಖಾನೆ 1998ರಲ್ಲಿಯೇ ಬಂತು. ಹೊಸ ಲಾರಿ ಹುಟ್ಟುವ ಅದೇ ತಾಲ್ಲೂಕಿನಲ್ಲಿ, ನಂದಗುಡಿಗೆ ಸಮೀಪದ ಒಂದು ಹಳ್ಳಿಯ ಹುಣಿಸೆಮರದ ಕೆಳಗೆ, ಹಳೆಯದೊಂದು ನಿಂತಿತ್ತು. ಅದರ ತೊಟ್ಟಿಯಲ್ಲಿ ಹುಲ್ಲು, ಕ್ಯಾಬಿನ್ನಿನಲ್ಲಿ ಕೋಳಿಗಳ ಸಂಸಾರ. ಗುಜರಿಯವನು ಮುಂಗಡ ಕೊಟ್ಟಾಗಿತ್ತು. ಮಕ್ಕಳಿಗೆ ಕೊಟ್ಟಿಗೆ ಕಟ್ಟಲು ಜಾಗ ಬೇಕು. ಮುದುಕರಾದ ತಂದೆಗೆ ಲಾರಿ ಬೇಕು. ನಮ್ಮ ಶಾಲೆಯಲ್ಲಿ ಓದಿ ಈಗ ಹೊಸಕೋಟೆಯಲ್ಲಿ ಗ್ಯಾರೇಜು ಇಟ್ಟುಕೊಂಡಿರುವ ಇಬ್ಬರು ಹುಡುಗರು ನನ್ನ ಬಳಿಗೆ ಬಂದು, “ಮೇಷ್ಟ್ರೇ, ನೀವೊಂದು ಮಾತು ಹೇಳಿದರೆ ಅವರು ಕೇಳುತ್ತಾರೆ” ಎಂದರು. ಹೇಳಿದೆ. ಯುಗಾದಿಯವರೆಗೆ ಎಂದು ವಾಯಿದೆ ಸಿಕ್ಕಿತು. ಮುಂಗಡವನ್ನು ಹಿಂದಿರುಗಿಸಿ, ಲಾರಿಯನ್ನು ಎಳೆದು ತಂದು ಗ್ಯಾರೇಜಿನ ಹಿತ್ತಲಲ್ಲಿ ನಿಲ್ಲಿಸಿದೆವು. (‘ಗುಜರಿ’ ಎಂಬ ಮಾತು ಹಿಂದುಸ್ತಾನಿಯದು, ದಾರಿಯ ಪಕ್ಕದಲ್ಲಿ ಸಂಜೆಯ ಹೊತ್ತು ನೆರೆಯುವ ಪೇಟೆಗೆ ಆ ಹೆಸರು. ನಾವು ಅದನ್ನು ಹಳೆಯ ಕಬ್ಬಿಣಕ್ಕೇ ಮೀಸಲು ಮಾಡಿಬಿಟ್ಟೆವು.)

ಕನ್ನಡ ಪಂಡಿತನಿಗೂ ಲಾರಿಗೂ ಏನು ನಂಟೆಂದು ನೀವು ಕೇಳುವುದು ನ್ಯಾಯವೇ. ಮೊದಲ ದಿನ ನನಗೂ ಹಾಗೆಯೇ ಅನ್ನಿಸಿತು. ಚಾಸಿಯ ಮೇಲಿನ ಫಲಕವನ್ನು ಸೀಮೆಎಣ್ಣೆಯಿಂದ ತೊಳೆದು, ಅದರ ಮೇಲೆ ಕಾಗದವಿಟ್ಟು ಪೆನ್ಸಿಲಿನಿಂದ ಉಜ್ಜಿದಾಗ ಅಂಕಿಗಳು ಒಂದೊಂದಾಗಿ ಮೇಲೆದ್ದವು. ಶಾಸನದ ಪಡಿಯಚ್ಚು ತೆಗೆಯುವ ಕ್ರಮಕ್ಕೂ ಇದಕ್ಕೂ ಹೆಚ್ಚು ದೂರವಿಲ್ಲ. ಮೋಟಾರು ಕಚೇರಿಯ ಮುಂದಿನ ಮಧ್ಯವರ್ತಿಗಳು ಚಾಸಿಯ ಅಂಕಿಯನ್ನು ಹೀಗೆಯೇ ಉಜ್ಜಿ ಅರ್ಜಿಗೆ ಅಂಟಿಸುತ್ತಾರೆಂದು ಹುಡುಗರು ಹೇಳಿದರು. ಅಲ್ಲಿಂದ ಮುಂದೆ ನನಗೆ ಈ ಕೆಲಸ ಪರಕೀಯವೆನಿಸಲಿಲ್ಲ.

ಮೂತಿಯ ಮೇಲಿನ ಲಾಂಛನವನ್ನು ಯಾರೋ ಕಿತ್ತಿದ್ದರು. ಆದರೆ ಬಣ್ಣದ ಮೇಲೆ ಅದರ ಗುರುತು ಉಳಿದಿತ್ತು: ಮೂರು ಕೋನದ ನಕ್ಷತ್ರ. ಜಮ್‌ಷೆಡ್‌ಪುರದ ಟೆಲ್ಕೋ ಕಂಪನಿ ಜರ್ಮನಿಯ ಡೈಮ್ಲರ್-ಬೆಂಜ್ ಸಂಸ್ಥೆಯೊಡನೆ 1954ರಲ್ಲಿ ಒಪ್ಪಂದ ಮಾಡಿಕೊಂಡು ಲಾರಿ ತಯಾರಿಸಲು ತೊಡಗಿತು. ಒಪ್ಪಂದ ಮುಗಿದದ್ದು 1969ರಲ್ಲಿ. ಅನಂತರ ನಕ್ಷತ್ರ ಹೋಗಿ ‘ಟಿ’ ಎಂಬ ಅಕ್ಷರ ಬಂತು. ಆದ್ದರಿಂದ ನಕ್ಷತ್ರದ ಗುರುತೇ ಕಾಲದ ಗುರುತು. ನಮ್ಮ ಹಿರಿಯರು ಟಾಟಾ ಲಾರಿಯನ್ನು ‘ಬೆಂಜ್ ಲಾರಿ’ ಎನ್ನುತ್ತಿದ್ದುದಕ್ಕೂ ಇದೇ ಕಾರಣ. ನೋಂದಣಿ ಸಂಖ್ಯೆ ‘ಎಂ.ವೈ.’ ಎಂದು ಮೊದಲಾಗಿತ್ತು. ಅದು ಮೈಸೂರು ರಾಜ್ಯ 1973ರಲ್ಲಿ ಕರ್ನಾಟಕವಾಗುವುದಕ್ಕೆ ಮುಂಚಿನದು. ‘ಕೆ.ಎ.’ ಬಂದದ್ದು 1988ರ ಮೋಟಾರು ವಾಹನ ಕಾಯಿದೆ ಜಾರಿಯಾದ ಮೇಲೆ. ಕ್ಯಾಬಿನ್ನಿನ ನೆತ್ತಿಯ ಬಣ್ಣವನ್ನು ಹುಡುಗರು ಯಂತ್ರದಿಂದ ಒಂದೇಟಿಗೆ ಕೆರೆದುಹಾಕುವುದರಲ್ಲಿದ್ದರು. ನಾನು ತಡೆದು, ಬ್ಲೇಡಿನಿಂದ ಮೆಲ್ಲಗೆ ಪದರ ಪದರವಾಗಿ ಬಿಡಿಸಹೇಳಿದೆ. ನೀಲಿಯ ಕೆಳಗೆ ಹಳದಿ, ಹಳದಿಯ ಮೇಲೆ ಕೈಬರಹದ ‘ಪಬ್ಲಿಕ್ ಕ್ಯಾರಿಯರ್’ ಎಂಬ ಅಕ್ಷರಗಳು. ಬಾಡಿಗೆಗೆ ಓಡುವ ಲಾರಿಗೆ 1939ರ ಕಾಯಿದೆ ಕೊಟ್ಟಿದ್ದ ಹೆಸರು ಅದು. ಹೊಸ ಕಾಯಿದೆಯಲ್ಲಿ ಆ ಹೆಸರಿಲ್ಲ. ಹಳದಿಯ ಬಣ್ಣಕ್ಕೆ ಕಾಲ ನಿರ್ಣಯವಾಯಿತು.

ಎಂಜಿನ್ನಿಗೆ ಡೀಸೆಲನ್ನು ಅಳೆದು ಚಿಮ್ಮಿಸುವ ಪಂಪಿನ ಮೇಲೆ ‘ಮೈಕೋ’ ಎಂದು ಬರೆದಿತ್ತು. ಜರ್ಮನಿಯ ಬಾಷ್ ಸಂಸ್ಥೆಯ ನೆರವಿನಿಂದ 1951ರಲ್ಲಿ ಸ್ಥಾಪಿತವಾಗಿ, ಬೆಂಗಳೂರಿನ ಆಡುಗೋಡಿಯಲ್ಲಿ ಬೆಳೆದು, 2008ರಲ್ಲಿ ಬಾಷ್ ಎಂದೇ ಹೆಸರು ಬದಲಿಸಿಕೊಂಡ ಕಂಪನಿ ಅದು. ಕ್ಯಾಬಿನ್ನು ಮರದ್ದು, ಮೇಲೆ ತಗಡು ಹೊದಿಸಿದ್ದು. ಬೆಂಗಳೂರಿನ ಬಡಗಿಯೊಬ್ಬರು ಕಟ್ಟಿದ್ದೆಂದು ಯಜಮಾನರು ಹೇಳಿದರು. ಇಲ್ಲಿ ನೀವು ಒಂದು ಸಂಗತಿಯನ್ನು ಗಮನಿಸಬೇಕು. ಆ ಕಾಲದ ಲಾರಿ ಕಾರ್ಖಾನೆಯಿಂದ ಪೂರ್ಣವಾಗಿ ಹೊರಬರುತ್ತಲೇ ಇರಲಿಲ್ಲ. ಎಂಜಿನ್, ಮೂತಿ, ಚಾಸಿ, ಚಕ್ರ, ಇಷ್ಟೇ. ಚಾಲಕ ಮರದ ಪೆಟ್ಟಿಗೆಯೊಂದನ್ನು ಪೀಠಮಾಡಿ, ತಲೆಗೆ ಟವಲು ಸುತ್ತಿ, ಗಾಳಿಮಳೆಯಲ್ಲಿ ನೂರಾರು ಮೈಲಿ ಓಡಿಸಿ ತರುತ್ತಿದ್ದ. ಉಳಿದದ್ದನ್ನು ಬಾಡಿ ಕಟ್ಟುವವರು ಕಟ್ಟುತ್ತಿದ್ದರು. ಆದಕಾರಣ ಒಂದೇ ವರ್ಷದ, ಒಂದೇ ಮಾದರಿಯ ಎರಡು ಲಾರಿಗಳು ಒಂದರಂತೆ ಒಂದು ಇರುತ್ತಿರಲಿಲ್ಲ. ಕಾರಿನ ಸಂಗ್ರಾಹಕರು ‘ಕಾರ್ಖಾನೆಯಿಂದ ಬಂದಂತೆಯೇ ಇರಬೇಕು’ ಎಂದು ಹಟ ಹಿಡಿಯುತ್ತಾರೆ. ನಮ್ಮ ಲಾರಿಗೆ ಆ ಮಾತನ್ನು ಅನ್ವಯಿಸಿದರೆ ಕ್ಯಾಬಿನ್ನನ್ನೇ ಕಿತ್ತು ಎಸೆಯಬೇಕಾದೀತು!

ಎಂಜಿನ್ನಿನ ಅಂಕಿ ನೋಂದಣಿ ಪುಸ್ತಕದ ಅಂಕಿಗೆ ಹೊಂದಲಿಲ್ಲ. ಹುಡುಗರ ಮುಖ ಸಪ್ಪಗಾಯಿತು. ವಿಚಾರಿಸಿದಾಗ ಯಜಮಾನರು, “ಹಳೇ ಎಂಜಿನ್ ಸೀಜಾಗಿ ಹೋಯ್ತು ಮೇಷ್ಟ್ರೇ, ಇನ್ನೊಂದು ಬೆಂಜಿಂದು ತಂದು ಕೂರಿಸಿದ್ವಿ” ಎಂದರು. ಗ್ರಂಥಸಂಪಾದನೆ ಮಾಡುವವರಿಗೆ ಇದು ಪರಿಚಿತವಾದ ತೊಡಕು. ಓಲೆಯ ಪ್ರತಿಯಲ್ಲಿ ಕವಿಯದಲ್ಲದ ಪದ್ಯ ಸೇರಿದ್ದರೆ ಅದನ್ನು ಪ್ರಕ್ಷಿಪ್ತವೆಂದು ಗುರುತಿಸಿ ಕೆಳಗಿಳಿಸುತ್ತೇವೆ, ಆದರೆ ಸುಟ್ಟುಹಾಕುವುದಿಲ್ಲ. ಪಾಠಾಂತರಗಳನ್ನು ಅಡಿಟಿಪ್ಪಣಿಯಲ್ಲಿ ಕೊಡುತ್ತೇವೆ. ಲಾರಿಯಲ್ಲಿ ಅಡಿಟಿಪ್ಪಣಿಗೆ ಜಾಗವಿಲ್ಲವಾದ್ದರಿಂದ ಒಂದು ನೋಟುಪುಸ್ತಕ ಇಟ್ಟೆವು. ಯಾವುದು ಜಮ್‌ಷೆಡ್‌ಪುರದ್ದು, ಯಾವುದು ನಂದಗುಡಿಯ ಕಮ್ಮಾರ ಬಡಿದದ್ದು, ಯಾವುದು ನಿನ್ನೆ ನಾವು ಹಾಕಿದ್ದು ಎಂಬುದೆಲ್ಲ ಅದರಲ್ಲಿದೆ. ಎಡಬಾಗಿಲು ಸೊಟ್ಟಗಿತ್ತು. “ಅದನ್ನ ನೆಟ್ಟಗೆ ಮಾಡಬೇಡ್ರಪ್ಪಾ. ಮೊಗಿಲಿ ಘಾಟ್ನಲ್ಲಿ ಬಂಡೆಗೆ ಬಡಿದದ್ದು, ನಮ್ಮ ಕ್ಲೀನರ್ ಹುಡುಗ ಉಳಕೊಂಡಿದ್ದೇ ಆ ಬಾಗಿಲಿಂದ” ಎಂದರು ಯಜಮಾನರು. ಹಾಗೆಯೇ ಬಿಟ್ಟೆವು.

ಇನ್ನು ಬಿಡಿಭಾಗಗಳ ಮಾತು. ಕೆಲವು ಸುಲಭ. ಬೇರಿಂಗಿನ ಮೈಮೇಲಿನ ಅಂಕಿಗೆ ಜಗತ್ತಿನಲ್ಲೆಲ್ಲ ಒಂದೇ ಅರ್ಥ: 6205 ಎಂದಿದ್ದರೆ ಕೊನೆಯ ಎರಡು ಅಂಕಿಗಳನ್ನು ಐದರಿಂದ ಗುಣಿಸಿ, 25 ಮಿಲಿಮೀಟರ್ ಒಳರಂಧ್ರವೆಂದು ತಿಳಿಯಬೇಕು. ಕಟಪಯಾದಿ ಸೂತ್ರ ಬಲ್ಲವರಿಗೆ ಇದೊಂದು ಆಟ. ಅಂಕಿ ಹೇಳಿದರೆ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಕೈಗೆ ಕೊಡುತ್ತಾರೆ. ಬೋಲ್ಟುಗಳೂ ತಮ್ಮ ಜಾತಕವನ್ನು ತಾವೇ ಹೇಳುತ್ತವೆ. ಹಳೆಯ ಇಂಗ್ಲಿಷ್ ಗಾಡಿಯ ವಿಟ್‌ವರ್ತ್ ಮರೆಯ ಕೋನ 55 ಡಿಗ್ರಿ. ಅಮೆರಿಕದ್ದೂ ಜರ್ಮನಿಯದೂ 60 ಡಿಗ್ರಿಯವೇ ಆದರೂ ಒಂದಕ್ಕೆ ಅಂಗುಲ, ಇನ್ನೊಂದಕ್ಕೆ ಮಿಲಿಮೀಟರ್. ಬೆಂಜ್ ಲಾರಿಯಲ್ಲಿ ಅಂಗುಲದ ಬೋಲ್ಟು ಸಿಕ್ಕಿದರೆ ಅದು ಹೊರಗಿನಿಂದ ಬಂದ ಅತಿಥಿ.

ಇನ್ನೂ ಹಿಂದಿನ ಲಾರಿಗಳ ಭಾಗಗಳಿಗೆ ಹುಡುಕಾಟ ಕಷ್ಟ. ಜನರಲ್ ಮೋಟಾರ್ಸ್ ಕಂಪನಿ 1928ರಿಂದ ಮುಂಬಯಿಯ ಸೆವ್ರಿಯಲ್ಲಿ ಷವರ್ಲೆ ಲಾರಿಗಳನ್ನು ಜೋಡಿಸುತ್ತಿತ್ತು. ಯುದ್ಧಕಾಲದಲ್ಲಿ ಪೆಟ್ರೋಲು ಸಿಗದೆ ಬಸ್ಸು ಲಾರಿಗಳ ಬೆನ್ನಿಗೆ ಇದ್ದಿಲಿನ ಗ್ಯಾಸಿನ ಕೊಳಗವನ್ನು ಕಟ್ಟಿದರು. ಯುದ್ಧ ಮುಗಿದ ಮೇಲೆ ಮಿಲಿಟರಿಯವರು ಬೇಡವೆಂದ ಗಾಡಿಗಳನ್ನು ‘ಡಿಸ್ಪೋಸಲ್’ ಎಂದು ಮಾರಿದರು. ಬರಿಯ ಜೋಡಣೆ ಸಾಲದು, ಇಲ್ಲಿಯೇ ತಯಾರಿಸಬೇಕು ಎಂದು 1953ರಲ್ಲಿ ಭಾರತ ಸರ್ಕಾರ ನಿಶ್ಚಯಿಸಿದಾಗ ಜನರಲ್ ಮೋಟಾರ್ಸ್, ಫೋರ್ಡ್ ಎರಡೂ ಅಂಗಡಿ ಮುಚ್ಚಿದವು. ದೇಶದ ಉದ್ಯಮಕ್ಕೆ ಅದು ಒಳ್ಳೆಯದೇ ಆಯಿತೆಂದು ನನ್ನ ಮತ. ಟೆಲ್ಕೋ, ಅಶೋಕ್ ಲೇಲ್ಯಾಂಡ್ ಬೆಳೆದದ್ದು ಹಾಗೆ. ಆದರೆ ಅನಾಥವಾದ ಷವರ್ಲೆಗಳಿಗೆ ಭಾಗಗಳು ಹಳೆಯ ಷವರ್ಲೆಗಳಿಂದಲೇ ಬರಬೇಕಾಯಿತು. ಅವುಗಳ ಎಂಜಿನ್ನಿನ ಎರಕದ ಮೇಲೆ ತಿಂಗಳಿಗೊಂದು ಅಕ್ಷರ, ಅನಂತರ ದಿನ, ವರ್ಷದ ಕೊನೆಯ ಅಂಕಿ ಇರುತ್ತವೆ. ನಿಮ್ಮ ತೋಟದಲ್ಲಿ ನೀರೆತ್ತುವ ಹಳೆಯ ಎಂಜಿನ್ನಿನ ಮೇಲೆ ‘ಸಿ’ ಎಂಬ ಅಕ್ಷರ ಕಂಡರೆ ಮಾರ್ಚಿಯಲ್ಲಿ ಎರಕವಾದದ್ದೆಂದು ತಿಳಿಯಿರಿ.

ನಮ್ಮದಕ್ಕೆ ಪಿಸ್ಟನ್ನು, ಲೈನರುಗಳು ತಮಿಳುನಾಡಿನ ನಾಮಕ್ಕಲ್ಲಿನಲ್ಲಿ ದೊರೆತವು. ಲಾರಿಯ ಬಾಡಿ ಕಟ್ಟುವುದರಲ್ಲಿ ಹೆಸರಾದ ಊರು ಅದು. ಮುಂದಿನ ಚಕ್ರದ ಪಟ್ಟಿಗಳು ಮಾತ್ರ ಎಲ್ಲಿಯೂ ಸಿಗಲಿಲ್ಲ. ಸಿಗುವುದಾದರೂ ಹೇಗೆ? ಪಟ್ಟಿಯ ಉಕ್ಕು ಒಳ್ಳೆಯದು. ಅದು ಕಮ್ಮಾರನ ಕುಲುಮೆಗೆ ಹೋಗಿ ಮಚ್ಚಾಗಿ ಕುಡುಗೋಲಾಗಿ ಹಳ್ಳಿ ಹಳ್ಳಿಗೆ ಹಂಚಿಹೋಗಿದೆ. ಕೊನೆಗೆ ಹೊಸ ಉಕ್ಕಿನಿಂದ ಬಾಗಿಸಿ, ಒಳಮೈಯಲ್ಲಿ ಇಸವಿಯನ್ನು ಕೊರೆಸಿದೆವು. ಮುಂದೆ ಯಾರೂ ಅದನ್ನು ಹಳೆಯದೆಂದು ಮೋಸಹೋಗಬಾರದು.

ಕೆಲಸ ಆರಂಭಿಸಿ ಈಗ ನಾಲ್ಕನೆಯ ವರ್ಷ. ಯುಗಾದಿಯ ವಾಯಿದೆಯನ್ನು ಮಕ್ಕಳೇ ಮರೆತರು. ಆರು ಸಿಲಿಂಡರಿನ ಆ ಎಂಜಿನ್ ಈಗ ಗ್ಯಾರೇಜಿನ ಹಿತ್ತಲಲ್ಲಿ ನಿರಾಯಾಸವಾಗಿ ಓಡುತ್ತದೆ. ಎಂಬತ್ತು ದಾಟಿದ ಯಜಮಾನರಿಗೆ ಒಂದೇ ಆಸೆ: ನಂದಗುಡಿಯ ಬೀದಿಯಲ್ಲಿ ಒಮ್ಮೆ ಹೋಗಿಬರಬೇಕು. ಅಡ್ಡಿಯಾಗಿರುವುದು ಯಂತ್ರವಲ್ಲ, ಕಾಯಿದೆ. ಪುರಾತನ ವಾಹನಗಳ ನೋಂದಣಿಗೆಂದು ಕೇಂದ್ರ ಸರ್ಕಾರ 2021ರಲ್ಲಿ ನಿಯಮ ಮಾಡಿತು. ಐವತ್ತು ವರ್ಷ ಮೀರಿ ಮೂಲರೂಪದಲ್ಲಿರುವ ವಾಹನಕ್ಕೆ 20,000 ರೂಪಾಯಿ ಶುಲ್ಕ, ಹತ್ತು ವರ್ಷದ ಮಾನ್ಯತೆ, ‘ವಿ.ಎ.’ ಅಕ್ಷರಗಳುಳ್ಳ ಸಂಖ್ಯೆ. ಬಹಳ ಒಳ್ಳೆಯ ನಿಯಮ. ಆದರೆ ಅದರಲ್ಲಿ ಹೇಳಿರುವುದು ಎಲ್-1, ಎಲ್-2, ಎಂ-1 ಎಂಬ ವರ್ಗಗಳನ್ನು, ಎಂದರೆ ದ್ವಿಚಕ್ರ ವಾಹನವನ್ನೂ ಕಾರನ್ನೂ. ಸರಕು ಸಾಗಿಸುವ ‘ಎನ್’ ವರ್ಗದ ಪ್ರಸ್ತಾಪವೇ ಇಲ್ಲ. ನಮ್ಮ ಲಾರಿ ರಸ್ತೆಗೆ ಇಳಿಯಬೇಕಾದರೆ ದುಡಿಯುವ ಲಾರಿಯೆಂದೇ ಇಳಿದು, ವರ್ಷವರ್ಷವೂ ಅರ್ಹತಾಪತ್ರ ಪಡೆಯಬೇಕು. ಮುದುಕನನ್ನು ಗೌರವಿಸಬೇಕಾದರೆ ಮೊದಲು ಅವನು ಮೂಟೆ ಹೊತ್ತು ತೋರಿಸಲಿ ಎಂದ ಹಾಗಾಯಿತು!

ಎಲ್ಲ ದೇಶಗಳಲ್ಲಿಯೂ ಹೀಗಿಲ್ಲ. ಲೇಲ್ಯಾಂಡ್ ಲಾರಿ ಹುಟ್ಟಿದ ಇಂಗ್ಲೆಂಡಿನ ಲೇಲ್ಯಾಂಡ್ ಪಟ್ಟಣದಲ್ಲಿ 1983ರಿಂದ ಲಾರಿ ಬಸ್ಸುಗಳಿಗಾಗಿಯೇ ವಸ್ತುಸಂಗ್ರಹಾಲಯವಿದೆ. ಲಂಡನ್ನಿನಿಂದ ಬ್ರೈಟನ್ನಿಗೆ ಹಳೆಯ ಲಾರಿಗಳ ಯಾತ್ರೆ 1962ರಲ್ಲಿಯೇ ಆರಂಭವಾಯಿತು. ನಮ್ಮ ನಿಯಮಕ್ಕೆ ಒಂದು ಅಕ್ಷರ ಸೇರಿಸಿದರೆ ಸಾಕು. ಈ ಬಗ್ಗೆ ನಾವು ಕೆಲವರು ಸೇರಿ ಅರ್ಜಿ ಬರೆದಿದ್ದೇವೆ.

ಅಷ್ಟರಲ್ಲಿ ನೀವು ಮಾಡಬಹುದಾದ ಕೆಲಸವೊಂದಿದೆ. ನಿಮ್ಮ ಹಿತ್ತಲಲ್ಲೋ ಕಣದ ಮೂಲೆಯಲ್ಲೋ ಇಂಥ ಲಾರಿಯಿದ್ದು, ಅದನ್ನು ಮಾರದೆ ವಿಧಿಯಿಲ್ಲವೆಂದಾದರೆ, ಮಾರಿ, ಬೇಡವೆನ್ನಲು ನಾನಾರು? ಆದರೆ ಗುಜರಿಯವನು ಬರುವುದಕ್ಕೆ ಮುಂಚೆ ಫಲಕದ ಮೇಲೆ ಕಾಗದವಿಟ್ಟು ಪೆನ್ಸಿಲಿನಿಂದ ಉಜ್ಜಿಕೊಳ್ಳಿ. ನೋಂದಣಿ ಪುಸ್ತಕವನ್ನು ಅವನ ಕೈಗೆ ಕೊಡುವ ಮೊದಲು ಹಾಳೆ ಹಾಳೆಯಾಗಿ ಚಿತ್ರ ತೆಗೆದಿಡಿ. ಓಡಿಸಿದವರು ಬದುಕಿದ್ದರೆ ಯಾವ ದಾರಿ, ಯಾವ ಸರಕು, ಯಾರು ಕ್ಲೀನರು ಎಂದು ಕೇಳಿ ಬರೆದುಕೊಳ್ಳಿ. ಹಾಗೆಯೇ, ಅಟ್ಟದ ಮೇಲಿನ ತಗಡಿನ ಡಬ್ಬದಲ್ಲಿ ಮೂರು ಕೋನದ ನಕ್ಷತ್ರವೊಂದು ಸಿಕ್ಕಿದರೆ ಎಸೆಯಬೇಡಿ. ನಮ್ಮ ಲಾರಿಯ ಮೂತಿಯ ಮೇಲೆ ಅದರ ಜಾಗ ಇನ್ನೂ ಖಾಲಿಯಿದೆ.