ಮೂರು ಪಾಠ, ಒಂದು ಚೀಲ



ಶಾಲೆಯ ವಿಜ್ಞಾನದಲ್ಲಿ ಮಣ್ಣು ಒಂದು ಪಾಠ, ಸಸ್ಯ ಒಂದು ಪಾಠ, ಕಲ್ಲಿದ್ದಲು-ಪೆಟ್ರೋಲಿಯಂ ಮತ್ತೊಂದು ಪಾಠ. ನಾವೂ ಎಸ್.ಎಸ್.ಎಲ್.ಸಿ.ವರೆಗೆ ಹಾಗೇ ಬೇರೆ ಬೇರೆ ಓದಿದವರು. ಈ ಮೂರೂ ಒಟ್ಟಿಗೆ ಸೇರುವುದು ನಮ್ಮ ಸಂಘದ ಗೋದಾಮಿನ ಯೂರಿಯಾ ಚೀಲದಲ್ಲಿ.

ಗಾಳಿಯಲ್ಲಿ ನೂರಕ್ಕೆ 78 ಪಾಲು ಸಾರಜನಕವೇ. ಆದರೆ ಪೈರು ಅದನ್ನು ನೇರವಾಗಿ ತಿನ್ನಲಾರದು. ಕಾರ್ಖಾನೆಯಲ್ಲಿ ನೈಸರ್ಗಿಕ ಅನಿಲದಿಂದ ಜಲಜನಕ ತೆಗೆದು, ಗಾಳಿಯ ಸಾರಜನಕಕ್ಕೆ ಕೂಡಿಸಿ ಅಮೋನಿಯಾ, ಅದರಿಂದ ಯೂರಿಯಾ ಮಾಡುತ್ತಾರೆ. ಕೋಟ್ಯಂತರ ವರ್ಷ ನೆಲದೊಳಗಿದ್ದ ಅನಿಲ. ತೀರಿದರೆ ಮತ್ತೆ ಬಾರದು. 45 ಕೆ.ಜಿ. ಚೀಲದಲ್ಲಿ 20 ಕೆ.ಜಿ.ಗೂ ಮೇಲೆ ಸಾರಜನಕ ಇದೆ. ಅತಿಯಾಗಿ ಎರಚಿದರೆ ಪೈರು ಸೊಕ್ಕಿ ಮಲಗುತ್ತೆ, ಹುಳ ಹತ್ತುತ್ತೆ, ಮಿಕ್ಕಿದ್ದು ಗಾಳಿಗೂ ನೀರಿಗೂ ಪಾಲು.

ಅಲಸಂದೆ, ಹುರುಳಿಯ ಬೇರುಗಂಟಿನಲ್ಲಿರುವ ರೈಜೋಬಿಯಂ ಜೀವಾಣುಗಳು ಅದೇ ಸಾರಜನಕವನ್ನು ಯಾವ ಕಾರ್ಖಾನೆಯೂ ಇಲ್ಲದೆ ಹಿಡಿದುಕೊಡುತ್ತವೆ. ಗಂಟು ಸೀಳಿ ನೋಡಿ, ಒಳಗೆ ಗುಲಾಬಿ ಬಣ್ಣವಿದ್ದರೆ ಕೆಲಸ ನಡೆದಿದೆ ಅಂತ ತಿಳಿಯಿರಿ.

ಚೀಲ ಮಾರಿದರೆ ತಾನೇ ಸಂಘಕ್ಕೆ ಲಾಭ, ನಿರ್ದೇಶಕರೇ ಹೀಗೆ ಹೇಳಬಹುದೇ ಅಂತ ಕೆಲವರು ಕೇಳಬಹುದು. ಮಣ್ಣು ಸೋತರೆ ಬೆಳೆ ಸಾಲ ತೀರುವುದು ಎಲ್ಲಿಂದ? ಆದ್ದರಿಂದ ಕೊಯ್ಲಾದ ಮೇಲೆ ಹೊಲದ ಎಂಟು-ಹತ್ತು ಕಡೆ ಆರು ಇಂಚು ಆಳದ ಮಣ್ಣು ತೆಗೆದು, ಬೆರೆಸಿ, ಅರ್ಧ ಕೆ.ಜಿ. ಪರೀಕ್ಷೆಗೆ ಕಳಿಸೋಣ. ಶಾಲೆಗೆ ಹೋಗುವ ಮಕ್ಕಳನ್ನೂ ಜೊತೆಗೆ ಕರೆದುಕೊಂಡು ಹೋಗೋಣ. ಚೀಟಿ ನೋಡಿ ಚೀಲ ಎತ್ತೋಣ.