ಸಿಪಾಯಿಯ ಹೆಸರು

ವಿಜಯವಾಡದಿಂದ ವಿಶಾಖಪಟ್ಟಣಕ್ಕೆ ರೈಲಿನಲ್ಲಿ ಹೊರಟರೆ ಏಲೂರು ದಾಟಿದ ಮೇಲೆ ತಾಡೇಪಲ್ಲಿಗೂಡೆಂ ಎಂಬ ನಿಲ್ದಾಣ ಬರುತ್ತದೆ. ಎರಡೂ ಕಡೆ ಭತ್ತದ ಗದ್ದೆ, ತೆಂಗು, ಕಾಲುವೆ. ಅಲ್ಲಿಂದ ಕೆಲವೇ ಕಿಲೋಮೀಟರ್ ಆಚೆ ಮಾಧವರಂ ಎಂಬ ಹಳ್ಳಿ. ಆದರೆ ಸುತ್ತಿನ ಜನ ಬರಿ ಮಾಧವರಂ ಅನ್ನುವುದಿಲ್ಲ, 'ಮಿಲಿಟರಿ ಮಾಧವರಂ' ಅನ್ನುತ್ತಾರೆ. ಮೊದಲ ಮಹಾಯುದ್ಧಕ್ಕೆ ತಮ್ಮೂರಿನಿಂದ 90 ಮಂದಿ, ಎರಡನೆಯದಕ್ಕೆ 1,110 ಮಂದಿ ಹೋದರು ಎಂಬುದು ಊರವರು ಒಪ್ಪಿಸುವ ಲೆಕ್ಕ.

ಕೊಡಗನ್ನು ಬಲ್ಲ ನಮಗೆ ಇದೇನೂ ಅಚ್ಚರಿಯಲ್ಲ. ಆದರೆ ಕೊಡಗು ಎಂದೊಡನೆ ನಮ್ಮ ನಾಲಗೆಗೆ ಬರುವುದು ಕಾರ್ಯಪ್ಪ, ತಿಮ್ಮಯ್ಯ. ಒಬ್ಬರು ಫೀಲ್ಡ್ ಮಾರ್ಷಲ್, ಇನ್ನೊಬ್ಬರು ಜನರಲ್. ಮಾಧವರಂನಿಂದ ಹೋದವರಲ್ಲಿ ಬಹುಪಾಲು ಸಿಪಾಯಿಗಳು. ನಕ್ಷೆಯ ಮುಂದೆ ನಿಂತು ಕೋಲು ತೋರಿಸಿದವರಲ್ಲ, ಆ ಕೋಲು ತೋರಿಸಿದ ಕಡೆಗೆ ಬಂದೂಕು ಹೊತ್ತು ನಡೆದವರು.

ಮೊದಲ ಮಹಾಯುದ್ಧದ ಕಾಲದಲ್ಲಿ ಕಾಲಾಳು ಸಿಪಾಯಿಯ ಸಂಬಳ ತಿಂಗಳಿಗೆ 11 ರೂಪಾಯಿ. ಆ ದುಡ್ಡು ಮನಿಯಾರ್ಡರಿನಲ್ಲಿ ಬಂದು ಎಷ್ಟೋ ಮನೆಗಳ ಸಾಲ ತೀರಿಸಿರಬೇಕು, ಅಕ್ಕತಂಗಿಯರ ಮದುವೆ ಮಾಡಿಸಿರಬೇಕು. ಯಾರದೋ ಚಕ್ರಾಧಿಪತ್ಯದ ಯುದ್ಧ, ನಮ್ಮವರ ಹೊಟ್ಟೆಪಾಡು. ಇದನ್ನು ಹೇಳಿದರೆ ಅವರ ಧೈರ್ಯ ಕಡಿಮೆಯಾಯಿತೆಂದು ಯಾರೂ ತಿಳಿಯಬಾರದು. ಹೊಟ್ಟೆಪಾಡಿಗೆ ಹೋದವನಿಗೂ ಗುಂಡು ತಗಲುತ್ತದೆ.

ಆ ಯುದ್ಧದಲ್ಲಿ ಭಾರತದ ಸಿಪಾಯಿಗಳು ಅತಿ ಹೆಚ್ಚು ಸಂಖ್ಯೆಯಲ್ಲಿ ಹೋದದ್ದು ಇಂದಿನ ಇರಾಕಿಗೆ. ಅಲ್ಲಿ ಸತ್ತು, ಗೋರಿಯ ಗುರುತೂ ಉಳಿಯದವರಿಗಾಗಿ ಬಾಸ್ರಾದಲ್ಲಿ ದೊಡ್ಡ ಸ್ಮಾರಕ ಕಟ್ಟಿದರು. 1929ರಲ್ಲಿ ಅದು ತೆರೆಯಿತು. ಬ್ರಿಟಿಷ್ ಸೈನಿಕನಾದರೆ, ಎಷ್ಟೇ ಕೆಳದರ್ಜೆಯವನಿರಲಿ, ಗೋಡೆಯ ಮೇಲೆ ಅವನ ಹೆಸರಿತ್ತು. ಭಾರತೀಯ ಅಧಿಕಾರಿಗಳಿಗೂ ಹೆಸರಿತ್ತು. ಸಿಪಾಯಿಗಳ ಪಾಲಿಗೆ ಬಂದದ್ದು ಒಂದು ಅಂಕಿ: ಇಂಥ ಪಲ್ಟನ್ನಿನ ಇನ್ನೂ ಇಷ್ಟು ಮಂದಿ. ಹೀಗೆ ಎಣಿಕೆಯಾಗಿ ಉಳಿದವರು ಸಾವಿರಗಟ್ಟಲೆ. ಯುದ್ಧ ಸಮಾಧಿಗಳನ್ನು ನೋಡಿಕೊಳ್ಳುವ ಕಾಮನ್‌ವೆಲ್ತ್ ಆಯೋಗ ಇದಕ್ಕೆಲ್ಲ ಕ್ಷಮೆ ಕೇಳಿದ್ದು 2021ರ ಏಪ್ರಿಲ್‌ನಲ್ಲಿ. ಅಷ್ಟು ಹೊತ್ತಿಗೆ ಆ ಸಿಪಾಯಿಗಳ ಮೊಮ್ಮಕ್ಕಳಿಗೂ ತಲೆ ನರೆತಿತ್ತು.

ನಮ್ಮ ಹಳ್ಳಿಗಳ ವೀರಗಲ್ಲುಗಳು ಈ ವಿಷಯದಲ್ಲಿ ಎಷ್ಟೋ ವಾಸಿ. ದನ ಹೊಡೆದುಕೊಂಡು ಹೋಗಲು ಬಂದವರ ಎದುರು ನಿಂತು ಸತ್ತವನಿಗೂ ಒಂದು ಕಲ್ಲು. ಕೆಳಗೆ ಅವನ ಕಾದಾಟ, ನಡುವೆ ಅವನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು, ಮೇಲೆ ಲಿಂಗದ ಮುಂದೆ ಕೂತ ಅವನು. ಬರೆಸಲು ಜನವಿದ್ದರೆ ಅವನ ಹೆಸರೂ ಕಲ್ಲಿನಲ್ಲಿ ಉಳಿಯುತ್ತಿತ್ತು. ಬೆಂಗಳೂರು ಎಂಬ ಊರಿನ ಹೆಸರು ಮೊದಲು ಸಿಗುವುದೇ ಬೇಗೂರಿನ ಅಂಥದೊಂದು ಕಲ್ಲಿನಲ್ಲಿ. ಒಂಬತ್ತನೆಯ ಶತಮಾನದ ಕೊನೆಯ ಹೊತ್ತಿಗೆ ಬೆಂಗಳೂರಿನ ಕಾಳಗದಲ್ಲಿ ಸತ್ತವರ ನೆನಪಿಗೆ ನಿಲ್ಲಿಸಿದ್ದು ಅದು. ಸತ್ತವರು ರಾಜರಲ್ಲ. ಅಮೆರಿಕದವರು 1982ರಲ್ಲಿ ವಾಷಿಂಗ್ಟನ್‌ನಲ್ಲಿ ವಿಯೆಟ್ನಾಂ ಯುದ್ಧದ ಗೋಡೆ ಕಟ್ಟಿದಾಗ ಇನ್ನೊಂದು ಹೆಜ್ಜೆ ಮುಂದೆ ಹೋದರು. ಅಲ್ಲಿ 58,000ಕ್ಕೂ ಹೆಚ್ಚು ಹೆಸರುಗಳಿವೆ, ಹುದ್ದೆ ಮಾತ್ರ ಇಲ್ಲ. ಕರ್ನಲನೂ ಕಾಲಾಳೂ ಸತ್ತ ದಿನದ ಕ್ರಮದಲ್ಲಿ ಸಾಲಾಗಿ ನಿಂತಿದ್ದಾರೆ.

ರೈಲು ಕೊನೆಗೆ ವಿಶಾಖಪಟ್ಟಣ ಸೇರುತ್ತದೆ. 1942ರ ಏಪ್ರಿಲ್ 6ರಂದು ಜಪಾನಿನ ವಿಮಾನಗಳು ಬಾಂಬು ಹಾಕಿದ ಊರು ಇದು. ಈಗ ಕಡಲತೀರಕ್ಕೆ ಹೋದವರೆಲ್ಲ 'ಕುರ್ಸುರಾ' ಜಲಾಂತರ್ಗಾಮಿಯನ್ನು ಹೊಕ್ಕು ಬರುತ್ತಾರೆ. ಹತ್ತಿರದಲ್ಲೇ 1971ರ ಯುದ್ಧದ ವಿಜಯ ಸ್ಮಾರಕ. ಜನ ಕಬ್ಬಿಣದ ಜೊತೆ ಫೋಟೋ ತೆಗೆಸಿಕೊಳ್ಳುತ್ತಾರೆ, ನಾನೂ ತೆಗೆಸಿಕೊಂಡಿದ್ದೇನೆ. ಆ ಇಕ್ಕಟ್ಟಿನ ಕೊಳವೆಯೊಳಗೆ ಒಬ್ಬರ ಮೇಲೊಬ್ಬರು ಮಲಗಿ ತಿಂಗಳುಗಟ್ಟಲೆ ಬಾಳಿದವರ ಬಗ್ಗೆ ಒಂದು ಪ್ರಶ್ನೆ ಕೇಳಬೇಕೆಂದು ಹೊಳೆದದ್ದು ಹೊರಗೆ ಬಂದು ಐಸ್‌ಕ್ರೀಂ ತಿನ್ನುವಾಗ.

ಮಾಧವರಂನಲ್ಲಿ ಮಕ್ಕಳಿಗೇ ಮೇಜರ್, ಕ್ಯಾಪ್ಟನ್, ಸುಬೇದಾರ್ ಎಂದು ಹೆಸರಿಡುವವರಿದ್ದಾರೆ ಎಂದು ಕೇಳಿದ್ದೇನೆ. ಒಂದು ಕಡೆ ಗೋಡೆ ಮನುಷ್ಯನ ಹೆಸರು ಅಳಿಸಿ ಎಣಿಕೆ ಮಾಡಿತು. ಇನ್ನೊಂದು ಕಡೆ ಊರೊಂದು ಹುದ್ದೆಯನ್ನೇ ತೊಟ್ಟಿಲಿಗೆ ಹಾಕಿ ತೂಗಿತು.

ನಾನು ಹಣ ತೆಗೆಯಲು ಹೋಗುವ ಬ್ಯಾಂಕಿನ ಬಾಗಿಲಲ್ಲಿ ಹಳೆಯ ಜೋಡುನಳಿಗೆಯ ಬಂದೂಕು ಹಿಡಿದು ಒಬ್ಬರು ಕೂತಿರುತ್ತಾರೆ. ಪದಾತಿ ದಳದಿಂದ ನಿವೃತ್ತರಾದವರು, ತೆಲುಗು ಬೆರೆತ ಕನ್ನಡ. ಆರು ವರ್ಷ ಅವರನ್ನು 'ಸೆಕ್ಯೂರಿಟಿ' ಎಂದೇ ಕರೆದೆ, ಅವರೂ ಓಗೊಟ್ಟರು. ವಿಶಾಖಪಟ್ಟಣದಿಂದ ಮರಳಿದ ಮೇಲೆ ಒಂದು ಬೆಳಿಗ್ಗೆ ನಿಮ್ಮ ಹೆಸರೇನು ಎಂದು ಕೇಳಿದೆ. ಕುರ್ಚಿಯಿಂದ ಎದ್ದರು, ಹಿಮ್ಮಡಿ ಜೋಡಿಸಿದರು. ಮೊದಲು ತಮ್ಮ ನಂಬರು ಹೇಳಿದರು, ಆಮೇಲೆ ಹುದ್ದೆ, ಕಡೆಗೆ ಹೆಸರು.