ಸರಕಾರದ ಶಾಲೆ ಯಾರದು?

(ತೋಟದ ಕುಟುಂಬಗಳ ಕೂಟದಲ್ಲಿ ಮಾಡಿದ ಭಾಷಣ)



ಬಟವಾಡೆಯ ದಿನ ಹೆಬ್ಬೆಟ್ಟು ಒತ್ತಿ ಕೂಲಿ ಪಡೆದವರ ಮಕ್ಕಳು ನಾವು. ಎಲೆಯ ತೂಕ ಎಷ್ಟೆಂದು ಬರೆದರು, ಮುಂಗಡಕ್ಕೆ ಎಷ್ಟು ಹಿಡಿದರು ಎಂಬುದು ನಮ್ಮ ಹಿರಿಯರಿಗೆ ತಿಳಿಯುತ್ತಿರಲಿಲ್ಲ. ಬರೆದವರು ಹೇಳಿದ್ದೇ ಲೆಕ್ಕ. ಆದ್ದರಿಂದ ವಿದ್ಯೆ ಬೇಡವೆನ್ನುವವರು ನಮ್ಮ ಲೈನುಮನೆಗಳಲ್ಲಿ ಇಲ್ಲ. ಆದರೆ ಆ ವಿದ್ಯೆ ಕೊಡುವ ಶಾಲೆ ಯಾರದೆಂದು ಕೇಳಿದರೆ, "ಅದು ಸರಕಾರದ್ದು" ಎಂದು ಸುಮ್ಮನಾಗುತ್ತೇವೆ. ಇಂದು ಈ ಮಾತನ್ನೇ ವಿಚಾರಿಸೋಣ.

ಪುಕ್ಕಟೆ ಸಿಕ್ಕಿದ್ದಕ್ಕೆ ಬೆಲೆಯಿಲ್ಲ ಎಂಬ ಎಣಿಕೆ ನಮ್ಮಲ್ಲಿ ಬೇರೂರಿದೆ. ವ್ಯಾನು ಬಂದು ಕರೆದೊಯ್ಯುವ, ಟೈ ಕಟ್ಟಿಸುವ ಶಾಲೆಯೇ ಶಾಲೆ ಎಂದುಕೊಳ್ಳುತ್ತೇವೆ. ನಮ್ಮ ಪೈಕಿ ಒಂದು ಮನೆಯಲ್ಲಿ ಮಗನ ಫೀಸಿಗಾಗಿ ತಾಯಿಯ ಓಲೆ ಅಡವಿಗೆ ಹೋಯಿತು. ಎರಡನೆಯ ವರ್ಷ ಕಟ್ಟಲಾಗದೆ ಹುಡುಗನನ್ನು ಬಿಡಿಸಿದರು. ಓಲೆ ಇನ್ನೂ ಬಂದಿಲ್ಲ. ಯಾರನ್ನೂ ದೂರುವುದಕ್ಕೆ ಇದನ್ನು ಹೇಳುತ್ತಿಲ್ಲ. ಮಕ್ಕಳು ಮುಂದೆ ಬರಲೆಂಬ ಆಸೆಯಿಂದಲೇ ನಾವು ಹೀಗೆ ಮಾಡಿದ್ದು.

ಆದರೆ ಇದರ ಇನ್ನೊಂದು ಮುಖವನ್ನೂ ನೋಡಬೇಕು. 2009ರ ಶಿಕ್ಷಣ ಹಕ್ಕು ಕಾಯಿದೆಯ ಪ್ರಕಾರ ಒಂದರಿಂದ ಐದನೆಯ ತರಗತಿಯ ಶಾಲೆಯಲ್ಲಿ 60 ಮಕ್ಕಳವರೆಗೆ ಇಬ್ಬರು ಶಿಕ್ಷಕರು. 61 ಮಕ್ಕಳಾದರೆ ಮೂರನೆಯವರು ಬರಬೇಕು. ಹಾಗಾದರೆ ಒಂದೊಂದೇ ಮನೆಯವರು ಮಕ್ಕಳನ್ನು ಬಿಡಿಸಿದಾಗ ಏನಾಗುತ್ತದೆ? ಶಿಕ್ಷಕರ ಹುದ್ದೆಗೇ ಕುತ್ತು ಬರುತ್ತದೆ. ಉಳಿಯುವವರು ಯಾರು? ಅಡವಿಡಲು ಓಲೆಯೂ ಇಲ್ಲದವರ ಮಕ್ಕಳು.

ಇನ್ನು ಈ ಶಾಲೆ ನಿಜವಾಗಿ ಪುಕ್ಕಟೆಯೇ? ನಾವು ಕೊಳ್ಳುವ ಸಾಬೂನಿನಲ್ಲಿ, ಮೊಬೈಲಿಗೆ ಹಾಕಿಸುವ ರೀಚಾರ್ಜಿನಲ್ಲಿ ತೆರಿಗೆ ಸೇರಿದೆ. ಶಾಲೆ ನಡೆಯುವುದು ಜನರ ತೆರಿಗೆಯ ಹಣದಿಂದ. ದೇಶದ ಆದಾಯದಲ್ಲಿ ನೂರಕ್ಕೆ 6 ಪಾಲು ವಿದ್ಯೆಗೆ ಮೀಸಲಾಗಬೇಕೆಂದು ಕೊಠಾರಿ ಆಯೋಗ 1966ರಲ್ಲಿಯೇ ಹೇಳಿತು. 1968ರ ನೀತಿ ಒಪ್ಪಿತು, 2020ರ ನೀತಿಯೂ ಅದನ್ನೇ ಮತ್ತೆ ಹೇಳಿತು. ಆ ಮಟ್ಟವನ್ನು ನಾವು ಮುಟ್ಟಿಲ್ಲ. ತೋಟದ ಮಕ್ಕಳ ವಿದ್ಯೆಯ ಮಾತು 1951ರ ತೋಟ ಕಾರ್ಮಿಕರ ಕಾಯಿದೆಯಲ್ಲಿಯೂ ಇತ್ತು. ಆರರಿಂದ ಹನ್ನೆರಡು ವಯಸ್ಸಿನ ಮಕ್ಕಳು 25ಕ್ಕಿಂತ ಹೆಚ್ಚಿದ್ದರೆ ಮಾಲೀಕರು ಕಲಿಕೆಯ ಏರ್ಪಾಡು ಮಾಡುವಂತೆ ರಾಜ್ಯ ಸರಕಾರ ನಿಯಮ ಮಾಡಬಹುದಿತ್ತು. ಆ ಕಾಯಿದೆ 2025ರ ನವೆಂಬರಿನಲ್ಲಿ ಹೊಸ ಕಾರ್ಮಿಕ ಸಂಹಿತೆಯಲ್ಲಿ ಸೇರಿಹೋಯಿತು. ಕಾಗದದ ಮೇಲಿನ ಮಾತು ಕೇಳುವವರಿದ್ದರೆ ಮಾತ್ರ ನಡೆಯುತ್ತದೆ.

ಕೇಳುವ ಜಾಗವೂ ಇದೆ. ಸರಕಾರದ ಶಾಲೆಗೊಂದು ಆಡಳಿತ ಸಮಿತಿ ಇರಬೇಕು. ಅದರಲ್ಲಿ ನಾಲ್ಕರಲ್ಲಿ ಮೂರು ಪಾಲು ತಂದೆತಾಯಿಗಳು, ಒಟ್ಟಿನಲ್ಲಿ ಅರ್ಧದಷ್ಟು ಹೆಂಗಸರು. ಶಾಲೆಗೆ ಏನೇನು ಬೇಕೆಂಬ ಯೋಜನೆಯನ್ನು ಈ ಸಮಿತಿಯೇ ಬರೆಯಬೇಕು. ಸರಕಾರ ಕೊಡುವ ಅನುದಾನಕ್ಕೆ ಆ ಯೋಜನೆಯೇ ಆಧಾರ. ಅಂದರೆ ಅಲ್ಲಿ ನಾವು ಬರೆಸದಿದ್ದ ಕಕ್ಕಸಿಗೆ, ನೀರಿಗೆ, ಗೋಡೆಗೆ ಹಣ ಕೇಳುವವರು ಯಾರು?

ಸಭೆಗೆ ಹೋದರೆ ಕೂಲಿ ತಪ್ಪುತ್ತದೆ ಎಂಬ ಕಷ್ಟ ನಿಜ. ಹೋದರೂ ಅಲ್ಲಿ ನಡೆಯುವುದು ತಮಿಳಿನಲ್ಲೋ ಮಲಯಾಳದಲ್ಲೋ. ಮನೆಯಲ್ಲಿ ಕನ್ನಡವಾಡುವ ತಾಯಿಗೆ ಬಾಯಿ ಬರುವುದಿಲ್ಲ. ಇದಕ್ಕೆ ನಾವು ಮಾಡಬಹುದಾದದ್ದು ಮೂರು. ಸಭೆಯನ್ನು ಕೆಲಸ ಮುಗಿದ ಮೇಲೆ ಇಡಿರೆಂದು ಮುಖ್ಯೋಪಾಧ್ಯಾಯರನ್ನು ಕೇಳುವುದು. ಆಗದಿದ್ದರೆ ಸಮಿತಿಯಲ್ಲಿರುವ ತಾಯಿಯ ಅಂದಿನ ಕೂಲಿಯನ್ನು ಲೈನಿನ ಎಲ್ಲ ಮನೆಗಳೂ ಹಂಚಿಕೊಂಡು ತುಂಬುವುದು. ಮತ್ತು ಆ ನಾಡಿನ ಭಾಷೆ ಬಲ್ಲ ನಮ್ಮ ಯುವಕ ಯುವತಿಯರಲ್ಲಿ ಒಬ್ಬರು ಆಕೆಯ ಜೊತೆಗೆ ಹೋಗುವುದು.

ಮಕ್ಕಳನ್ನು ಯಾವ ಶಾಲೆಗೆ ಕಳುಹಿಸಬೇಕೆಂದು ನಾವು ಅಪ್ಪಣೆ ಕೊಡುವುದಿಲ್ಲ. ಆದರೆ ಲೈನಿನ ಕೊನೆಯ ಮನೆಯ ಮಗುವೂ ಓದುವ ಆ ಶಾಲೆ ನಮ್ಮೆಲ್ಲರದು. ಮುಂದಿನ ಕೂಟದಲ್ಲಿ ಮೊದಲು ಕೇಳುವ ಪ್ರಶ್ನೆ ಇದೇ: ಈ ಸಲ ಶಾಲೆಯ ಸಭೆಗೆ ನಮ್ಮಲ್ಲಿ ಯಾರು ಹೋಗಿದ್ದರು, ಏನು ಬರೆಸಿ ಬಂದರು?